ಎಡಕ್ಕೋ ಬಲಕ್ಕೋ

ದಾಜಿಬಾನ ಪ್ಯಾಟ್ಯಾಗ ಭಾಂಡೆ ಅಂಗಡಿ ಮ್ಯಾಲ
ಹದಿನೇಳು ಮೆಟ್ಟಲ ಹತ್ತಿದ್ರ ನಮ್ಮ ದವಾಖಾನಿ.
ಮೂವತ್ತೊಂದು ವರ್ಷ ನಾ ಇಲ್ಲಿ ಪುಡಿಕಿ ಕಟ್ಟೇನಿ,
ಉಳದ ಲಗ್ನಪತ್ರಿಕಿ ಹರಿದು.
ಎಷ್ಟು ಮಂದಿ ನೆಗಡಿ
ಯಾರದೋ ಮುಹೂರ್ತದಾಗ ಸುತ್ತಿ ಕೊಟ್ಟೇನೋ.

ಹೊಂಬಳ ಡಾಕ್ಟರು ಮೊದಲ ಕೇಳೂದು ಬ್ಯಾನಿ ಅಲ್ಲ.
"ಮಲಗೂದು ಎಡಕ್ಕೋ ಬಲಕ್ಕೋ?
ಕನಸಿನ್ಯಾಗ ನೀರು ಬರತೈತೇನು?
ಸಿಟ್ಟು ಬಂದ್ರ ಅಳತೀಯೋ, ಭಾಂಡೆ ಒಗೀತೀಯೋ?"
ತಾಸುಗಟ್ಲೆ. ಬಾಕದ ಮ್ಯಾಲಿನ ಮಂದಿ
ಪಾಳಿ ಮರತು ಕಿವಿಗೊಟ್ಟು ಕುಂದ್ರತಿದ್ರು.
ನವಲೂರಿಂದ ಪ್ಯಾರಲ ತರಾಕಿ ಒಬ್ಬಾಕಿ
"ನನ್ನ ಗಂಡನೂ ಕೇಳಿಲ್ರೀ ಇದನ್ನ" ಅಂತ
ಔಷಧಿ ಬಿಟ್ಟ ಹೋದ್ಲು.
ಮರುದಿನ ಒಂದು ಪುಟ್ಟಿ ಪ್ಯಾರಲ ಬಂತು, ಆಕಿ ಬರಲಿಲ್ಲ.

ಈಗ ಅವರ ತಂಗಿ ಮಗಳು, ಸುನೀತಿ ಮೇಡಂ.
ಗ್ವಾಡಿ ಮ್ಯಾಲ ಕ್ಯೂಆರ್, ಬಾಕ ಹೋಗಿ ಪ್ಲಾಸ್ಟಿಕ್ ಕುರ್ಚಿ.
ಚಿಗರಿ ಬಸ್ಸಿನ್ಯಾಗ ನಿಂತಲ್ಲಿಂದಲೇ
ನಾಲಗಿ ಫೋಟೋ ಕಳಸತಾರ ಮಂದಿ.
ರೋಗ ಅವರೇ ಹುಡುಕ್ಕೊಂಡ ಬಂದಿರತಾರ, ಔಷಧಿ ಹೆಸರೂ.
"ನಕ್ಸ್ ವೋಮಿಕಾ ರೀ. ಥರ್ಟಿ ಬ್ಯಾಡ, ಟೂ ಹಂಡ್ರೆಡ್."
ಸಂತ್ಯಾಗ ಬದನಿಕಾಯಿ ಆರಿಸಿದಂಗ.
ಸಕ್ಕರಿ ಬ್ಯಾನಿಯವರು ಸಕ್ಕರಿ ಗುಳಿಗಿ ಒಲ್ಲೆ ಅಂತಾರ,
ಅವರಿಗೆ ನೀರಾಗ ಹನಿ.
ಉಳ್ಳಾಗಡ್ಡಿ ಬಿಡ್ರಿ ಅನ್ನೂದನ್ನ
ಮೇಡಂ ತಾವೇ ಬಿಟ್ಟಾರ.
ಉಳ್ಳಾಗಡ್ಡಿ ಇಲ್ಲದ ಗಿರಮಿಟ್ ತಿಂದು
ಹುಬ್ಬಳ್ಯಾಗ ಯಾವ ಜೀವ ಉಳದೀತು?

ಹಳೇ ಪ್ರಶ್ನಿ ಅದಾವ, ಫಾರಂನ್ಯಾಗ.
ಎಡ, ಬಲ: ಟಿಕ್ ಮಾಡ್ರಿ.
ಅಂಜಿಕಿ: ಒಂದರಿಂದ ಹತ್ತರ ಒಳಗ.

ಹೋದ ಶ್ರಾವಣದಾಗ ಒಂದ ಸಂಜಿ, ಊಟದ ಚೀಲಾ ಹೊತ್ತ ಹುಡುಗ,
ಹೆಲ್ಮೆಟ್ ಸುದ್ದಾ ತಗೀಲಿಲ್ಲ.
"ಎದಿಯೊಳಗ ಹಿಂಡಿದಂಗ. ಗ್ಯಾಸ್ ಇರಬೇಕು.
ಲಗೂನ ಕೊಡ್ರಿ, ಆರ್ಡರ್ ಐತಿ."
ಮೇಡಂ ಕೈ ಬಾಟಲಿ ಕಡೆ ಹೋಗಲಿಲ್ಲ.
"ನೋವು ಎಡಗೈಗೆ ಇಳೀತೈತೇನು?"
ಅವ ಟಿಕ್ ಮಾಡಾಕ ಫಾರಂ ಹುಡುಕಿದ.

ಆಟೋ. ಕಿಮ್ಸ್. ಜೋಡಿಗೆ ನಾನೇ ಕುಂತೆ,
ಅವನ ಚೀಲದಾಗಿನ ಯಾರದೋ ಬಿಸಿ ಅನ್ನ
ನನ್ನ ತೊಡಿ ಸುಡತಿತ್ತು.
ಏನ ಮಾತಾಡಬೇಕು ತಿಳೀಲಿಲ್ಲ,
ಬಾಯಿಗೆ ಬಂದದ್ದು ಅದೇ:
"ತಮ್ಮಾ, ಮಲಗೂದು ಎಡಕ್ಕೋ ಬಲಕ್ಕೋ?"
ಹೊಸೂರ ಸಿಗ್ನಲ್ ಹಸರಾಗೂತನಕ ಕಣ್ಣು ಮುಚ್ಚಿ ಯೋಚಿಸಿದ.
"ಒಂದ ಖೋಲ್ಯಾಗ ಐದ ಮಂದಿ, ಕಾಕಾ.
ಯಾವ ಕಡೆ ಜಾಗಾ ಸಿಗತೈತೋ ಆ ಕಡೆ."

ಉಳದಾನ. ಗುಳಿಗಿ ಈಗ ಕಿಮ್ಸಿನವು,
ನಮ್ಮ ಪುಡಿಕಿ ಅವಗ ಬೇಕಾಗಿಲ್ಲ.
ಆರ್ಡರ್ ಇಲ್ಲದ ಮಧ್ಯಾಹ್ನ
ಹದಿನೇಳೂ ಮೆಟ್ಟಲ ಸಾವಕಾಶ ಹತ್ತಿ ಬಂದು
ಮೂಲಿ ಕುರ್ಚಿ ಹಿಡದು ಕುಂದ್ರತಾನ.
ಮೇಡಂ ಅವಗ ಫಾರಂ ಕೊಡೂದಿಲ್ಲ.