ಎಡಗಾಲಿನ ಕಾರಣ

ಬಾ, ಬಾನೆಟ್ಟು ಎತ್ತಿಯೇ ನೋಡು.
ಎತ್ತು ಕೊಳ್ಳುವವರು ಹಲ್ಲು ಎಣಿಸದೆ
ಗಂಟು ಬಿಚ್ಚುತ್ತಾರೆಯೇ?
ಟಾರ್ಚು ಅಲ್ಲಿ, ಮೊಳೆಗೆ ನೇತು ಹಾಕಿದ್ದೇನೆ.
ಅಂಗಾತ ಮಲಗಿ ಹೊಟ್ಟೆಯನ್ನೂ ನೋಡು.
ಲ್ಯಾನ್ಸಿಂಗಿನ ಉಪ್ಪು ಉಂಡ ಗಾಡಿ ಇದು;
ಹಿಮ ಕರಗಲೆಂದು ರಸ್ತೆಗೆ ಚೆಲ್ಲುವ ಉಪ್ಪು
ಎಂಥ ಕಬ್ಬಿಣವನ್ನೂ ಹಪ್ಪಳ ಮಾಡುತ್ತದೆ.

ಓಲ್ಡ್ಸ್‌ಮೊಬೈಲ್ ಫೋರ್ ಫೋರ್ ಟೂ, ಅರವತ್ತೆಂಟರದು.
ನಾಲ್ಕು ಬಾಯಿಯ ಕಾರ್ಬ್ಯುರೇಟರು, ನಾಲ್ಕು ಗೇರು,
ಹೊಗೆಗೆ ಎರಡು ಕೊಳವೆ.
ಬೇರೆ ಊರಿನ ಕಾರುಗಳಿಗೆ
ಹಾವಿನ ಹೆಸರು, ಮೀನಿನ ಹೆಸರು, ಹದ್ದಿನ ಹೆಸರು.
ನಮ್ಮೂರಿನವರು ಮಗ್ಗಿ ಹೇಳಿ ಸುಮ್ಮನಾದರು.

ಮುಚ್ಚುಮರೆ ಇಲ್ಲ, ಕೇಳು.
ಬಲಗಡೆಯ ಬಾಗಿಲು ಇದರದ್ದಲ್ಲ.
ಇಂಡಿಯಾನಾದ ಒಂದು ಗುಜರಿಯಲ್ಲಿ, ಜೋಳದ ಹೊಲದಂಚಿಗೆ,
ಹಳದಿ ಗಾಡಿಯೊಂದು ಬಿದ್ದಿತ್ತು, ಅದರದ್ದು.
ಮುಚ್ಚುವಾಗ ಗೇಣು ದೂರದಲ್ಲೇ ತಡೆಯುತ್ತದೆ, ಮಲಮಗುವಿನ ಹಾಗೆ;
ಸ್ವಲ್ಪ ಎತ್ತಿ ಒತ್ತಿದರೆ ಒಪ್ಪಿಕೊಳ್ಳುತ್ತದೆ.
ಗಡಿಯಾರ ಓಡುವುದಿಲ್ಲ.
ಹಸಿರು ಬಣ್ಣ ಮೂರು ಸಲ ಹೊಡೆದೆ;
ಎರಡನೆಯ ಸಲ, ಹಸಿ ಆರುವ ಮೊದಲೇ, ಡಿಕ್ಕಿಯ ಮೇಲೆ
ಪತಂಗವೊಂದು ಬಂದು ಕೂತಿತು. ಉಜ್ಜಿ ತೆಗೆದೆ.
ಒಂದು ಕಾಲು ಇನ್ನೂ ಒಳಗಿರಬೇಕು.

ಏಳು ವರ್ಷ. ಮೊದಲೆರಡು ಬರೀ ಬಿಚ್ಚುವುದಕ್ಕೆ.
ಕಾಫಿ ಡಬ್ಬಿಗಳಲ್ಲಿ ಬೋಲ್ಟು, ಡಬ್ಬಿಗೆ ಟೇಪು,
ಟೇಪಿನ ಮೇಲೆ ನನ್ನ ಕಾಗಕ್ಕ ಗುಬ್ಬಕ್ಕ ಅಕ್ಷರ.
ತಂಗಿ ಡೆಲ್ಫೀನಾ ಬಂದವಳು ಸುತ್ತ ನೋಡಿ
"ಒಫೀಲಿಯಾ, ಇದು ಗಾಡಿಯಲ್ಲ,
ಉಪ್ಪಿನಕಾಯಿ ಅಂಗಡಿ" ಎಂದಳು.

ಹಿಂದಿನ ಸೀಟು ಕಿತ್ತ ದಿನ ಮಾತ್ರ
ಕೈ ನಡುಗಿತು, ಹೇಳಿಬಿಡುತ್ತೇನೆ.
ಅಮ್ಮ ಆ ವರ್ಷ ಕಾರ್ಖಾನೆಯಲ್ಲಿ ಸೀಟು ಹೊಲಿಯುತ್ತಿದ್ದಳು,
ಎರಡನೆಯ ಪಾಳಿ, ಹನ್ನೆರಡನೆಯ ಯಂತ್ರ.
ಹೊಲಿಗೆಯ ಕೊನೆಗೆ ದಾರಕ್ಕೆ ಮೂರು ಗಂಟು ಅವಳದ್ದು,
ಎರಡೇ ಸಾಕೆಂದು ಮೇಸ್ತ್ರಿ ಬೈದರೂ.
ಟಾರ್ಚು ಬಾಯಲ್ಲಿ ಕಚ್ಚಿ ಒಂದೊಂದೇ ಅಂಚು ತಡವಿದೆ.
ಎರಡು. ಎರಡು.
ಎಲ್ಲ ಕಡೆಯೂ ಎರಡು.

ಸ್ಪ್ರಿಂಗಿನ ನಡುವೆ ಮಡಚಿದ ಹಾಳೆಯೊಂದು ಸಿಕ್ಕಿತು,
ಮೂಲೆಯನ್ನು ಇಲಿ ತಿಂದಿತ್ತು.
ಯಾವ ಎಂಜಿನ್ನು, ಯಾವ ಬಣ್ಣ, ಯಾವ ರೇಡಿಯೋ ಎಂಬ ಪಟ್ಟಿ;
ಹಿಂಬದಿಗೆ ಪೆನ್ಸಿಲಿನಲ್ಲಿ ಯಾರದೋ ಕೈ:
"ಹಾಲು. ಮೊಳೆ. ರೂತಳಿಗೆ ಫೋನು."
ರೂತ್ ಯಾರೋ. ಫೋನು ಮಾಡಿದರೋ ಇಲ್ಲವೋ.
ಕೊಂಡರೆ ಆ ಹಾಳೆಯೂ ನಿನ್ನದೇ, ಆದರೆ
ಕಟ್ಟು ಹಾಕಿಸಿ ಗೋಡೆಗೆ ತೂಗಬೇಡ, ಇದ್ದಲ್ಲೇ ಇಡು.
ಹೊಸ ಸೀಟು ನಾನೇ ಹೊಲಿದೆ.
ಎಷ್ಟು ಗಂಟು ಎಂದು ನೀನು ಕೇಳಲಿಲ್ಲ.

ಯಾಕೆ ಮಾರುತ್ತೀರಿ ಅಂತೀಯ.
ಎಲ್ಲರೂ ಒಂದು ಸಾವಿನ ಕತೆಗೆ ಕಾಯುತ್ತಾರೆ.
ಯಾರೂ ಸತ್ತಿಲ್ಲ ಮಾರಾಯ. ಎಡಮೊಣಕಾಲು.
ಕ್ಲಚ್ಚಿಗೂ ಅದಕ್ಕೂ ಮಾತು ಬಿಟ್ಟು ಎರಡು ವರ್ಷ.
ಸ್ಯಾಗಿನಾ ರಸ್ತೆಯ ಸಿಗ್ನಲ್ಲಿನಲ್ಲಿ ಒಮ್ಮೆ
ಕಾಲು ಒಳಹೋಗಲೇ ಇಲ್ಲ. ಹಸಿರು, ಕೆಂಪು,
ಮತ್ತೆ ಹಸಿರು ಬಂದು ಹೋಯಿತು.
ಹಿಂದಿನವರು ಹಾರನ್ನೂ ಹೊಡೆಯಲಿಲ್ಲ,
ಇಳಿದು ನಿಂತು ಫೋಟೋ ತೆಗೆಯುತ್ತಿದ್ದರು.

ಮೂವತ್ತೆಂಟೂವರೆ ಸಾವಿರ ಡಾಲರ್.
ಐನೂರು ಬಿಡುತ್ತೇನೆ, ಒಂದು ಷರತ್ತಿದೆ:
ಒಯ್ಯುವುದು ಭಾನುವಾರ, ಬೆಳಿಗ್ಗೆ ಹತ್ತಕ್ಕೆ.
ಪಕ್ಕದ ಮನೆಯ ಕ್ಲೀಟಸ್‌ಗೆ ಎರಡೂ ಕಿವಿ ಹೋಗಿವೆ;
ತಗಡು ಬಡಿಯುವ ಯಂತ್ರದ ಮುಂದೆ ಮೂವತ್ತು ವರ್ಷ.
ಭಾನುವಾರ ನಾನಿದನ್ನು ಸ್ಟಾರ್ಟ್ ಮಾಡಿದಾಗ
ಬೇಲಿಯ ಹಲಗೆಗೆ ಅಂಗೈ ಒತ್ತಿ ನಿಲ್ಲುತ್ತಾನೆ.
ಮೂರನೆಯ ಸಿಲಿಂಡರು ತಡವರಿಸಿದರೆ
ನನಗಿಂತ ಮೊದಲು
ಮೂರು ಬೆರಳು ಎತ್ತುತ್ತಾನೆ.

ತಗೋ ಕೀಲಿ. ಪೆಡಲು ಎರಡು ಸಲ ತುಳಿ,
ಬಿಡು, ಆಮೇಲೆ ತಿರುಗಿಸು.
ಇವತ್ತು ಗುರುವಾರ.
ಆದರೂ ಬೇಲಿಯ ಕಡೆ ಒಮ್ಮೆ ನೋಡಿಕೋ.