ಕಬ್ಬಿಣದ ಕಡಲೆ

ಮಿಡಲ್ಸ್‌ಬರೋದ ನಲ್ಲಿನೀರಿಗೂ ಕಬ್ಬಿಣದ ಒಗರು
ಎನ್ನುತ್ತಾನೆ ಕ್ಲೆಮ್ ಹ್ಯಾರಿಗನ್.
ನನ್ನ ನಾಲಗೆಗೆ ಬರೀ ಕ್ಲೋರಿನ್.
ಮೂವತ್ತೊಂದು ವರ್ಷ ರೆಡ್‌ಕಾರಿನ ಊದುಕುಲುಮೆಯೆದುರು ಬೆವರಿದವನು,
ಪಾಳಿಗೆ ಸಾವಿರ ಟನ್ನು ಕೆಂಪು ಹೊಳೆ ಹರಿಸಿದವನು,
ಈಗ ನನ್ನ ಪ್ರಯೋಗಾಲಯದಲ್ಲಿ
ಮಿಲಿಗ್ರಾಂ ತಕ್ಕಡಿಯ ಮುಂದೆ ಉಸಿರು ಬಿಗಿಹಿಡಿದು ನಿಲ್ಲುತ್ತಾನೆ.
ಒಂದು ಸೀನು ಬಂದರೆ ಸಾಕು,
ವಾರದ ದುಡಿಮೆ ಗಾಳಿಪಾಲು.

ನಾವು ಬೇಯಿಸುವುದು ಕಪ್ಪು ಹುಡಿ.
ಸತುವಿನ ಹರಳು, ಚಿಟಿಕೆಯಷ್ಟು ಕಬ್ಬಿಣದ ಲವಣ,
ಆರ್ಗಾನ್ ಹರಿಯುವ ನಳಿಗೆಯಲ್ಲಿ
ಒಂಬೈನೂರೈವತ್ತು ಡಿಗ್ರಿ, ಒಂದು ಗಂಟೆ.
ಸತು ಆವಿಯಾಗಿ ಮನೆ ಖಾಲಿ ಮಾಡುತ್ತದೆ.
ಅದು ಬಿಟ್ಟುಹೋದ ಕೋಣೆಯಲ್ಲಿ
ನಾಲ್ಕು ನೈಟ್ರೋಜನ್‌ಗಳ ನಡುವೆ
ಒಂದು ಕಬ್ಬಿಣದ ಅಣು ಒಂಟಿಯಾಗಿ ಕೂರಬೇಕು.
ಒಂದೇ.
ನಾಲ್ಕು ಸೇರಿದರೆ ಜಾತ್ರೆ,
ಜಾತ್ರೆ ಸೇರಿದ ಕಬ್ಬಿಣ ಕೆಲಸಕ್ಕೆ ಬಾರದು.

ಪುಟಕ್ಕಿಡುವುದು ಚಿನ್ನವನ್ನು ಎಂದು ಕಲಿತವಳು ನಾನು.
ಕ್ಲೆಮ್‌ಗೆ ಹೇಳಿದರೆ ನಕ್ಕ:
‘ಚಿನ್ನಕ್ಕೇನು ಬಿಡು, ಅದು ಹೇಗಿಟ್ಟರೂ ಚಿನ್ನವೇ.’

ಪ್ಲಾಟಿನಂ ಇದ್ದರೆ ಇಷ್ಟೆಲ್ಲ ರಾಮಾಯಣವಿಲ್ಲ.
ಆಮ್ಲಜನಕದ ಹಠಮಾರಿ ಜೋಡಿಯನ್ನು ಬಿಡಿಸಿ
ನೀರು ಮಾಡಿ ಕಳಿಸುವ ಸಲುಗೆ ಅದಕ್ಕಿದೆ.
ಆದರೆ ಬೆರಳುಂಗುರ ಕಳಚಿ ಬಸ್ಸಿನ ಹೊಟ್ಟೆಗೆ ಹಾಕುವವರು ಯಾರು,
ಊರಿನ ಎಲ್ಲ ಬಸ್ಸುಗಳ ಹೊಟ್ಟೆಗೆ?
ಅದೇ ಕೆಲಸವನ್ನು ನನ್ನ ಒಂದೊಂದು ಜೀವಕೋಶದೊಳಗೆ
ಕಬ್ಬಿಣವೂ ತಾಮ್ರವೂ
ಸಂಬಳವಿಲ್ಲದೆ ಮಾಡುತ್ತಿವೆಯಲ್ಲ
ಎಂಬುದೊಂದೇ ನನ್ನ ಧೈರ್ಯ.
(ಡಾಕ್ಟರು ಹೇಳಿದ್ದು ಬೇರೆ: ಹಿಮೋಗ್ಲೋಬಿನ್ ಒಂಬತ್ತು,
ಊಟದ ನಂತರ ದಿನಕ್ಕೆರಡು ಮಾತ್ರೆ.)

ಮಾರ್ಚಿಯಲ್ಲಿ ಅರವತ್ಮೂರನೆಯ ಮಾದರಿ.
ತೆರೆಯ ಮೇಲೆ ಗೆರೆ ಏರಿತು, ಏರಿತು,
ಪ್ಲಾಟಿನಂ ಗೆರೆಯ ಭುಜಕ್ಕೆ ಭುಜ ತಾಗಿಸಿ ನಿಂತಿತು.
ನಾನು ಕೂಗಿದ್ದು ಕಾರಿಡಾರಿನ ತುದಿಗೂ ಕೇಳಿಸಿರಬೇಕು.
ಕೇಕು ತರಿಸಿದೆವು. ಬಾಸಿಗೆ ಮಿಂಚಂಚೆ ಹೋಯಿತು.
ಕ್ಲೆಮ್ ಮಾತ್ರ ಲೋಟದೊಳಗೆ ಇಣುಕಿದ:
‘ಆ ಇನ್ನೊಂದು ತಂತಿ ಯಾವುದರದು?’
ಗ್ರಾಫೈಟ್ ಕಡ್ಡಿ ಮುರಿದಿತ್ತು ಆ ವಾರ.
ಹಳೆಯ ಡ್ರಾಯರಿನಿಂದ ಎತ್ತಿಕೊಂಡದ್ದು
ಪ್ಲಾಟಿನಂ.
‘ಮೊನ್ನೆ ಹೊಳೆಯುತ್ತಿತ್ತು. ಈಗ ಮಂಕು.’

ಮಾಡಬಾರದೆಂದು ಮಕ್ಕಳಿಗೆ ಪಾಠ ಹೇಳುವುದನ್ನೇ ಮಾಡಿದ್ದೆ.
ತಂತಿ ಹನಿಹನಿಯಾಗಿ ಕರಗಿ ಈಜಿಬಂದು
ನನ್ನ ಬಡ ಕಬ್ಬಿಣದ ಮೇಲೆ ಕೂತು
ಅದರ ಹೆಸರಿನಲ್ಲಿ ಪರೀಕ್ಷೆ ಬರೆದಿತ್ತು.

ಹೊಸ ಕಡ್ಡಿ ಹಾಕಿದೆ. ಗೆರೆ ಅರವತ್ತು ಮಿಲಿವೋಲ್ಟ್ ಕುಸಿಯಿತು.
ಮಿಂಚಂಚೆ ಬರೆಯಲು ಎರಡು ದಿನ ಬೇಕಾಯಿತು.
ಕ್ಲೆಮ್ ಸಮಾಧಾನ ಹೇಳುವವನಲ್ಲ.
ತನ್ನ ಕುಲುಮೆಯನ್ನು ಉರುಳಿಸಿದ ಬೆಳಗಿನ ಮಾತು ತೆಗೆದ:
ಮರಳುದಿಬ್ಬದ ಮೇಲೆ ನಿಂತಿದ್ದನಂತೆ, ಫ್ಲಾಸ್ಕು ಹಿಡಿದು.
ಮೊದಲು ಬಿದ್ದದ್ದು ಕಂಡಿತು,
ಸದ್ದು ಆಮೇಲೆ ಬಂತು.
‘ಆ ನಡುವಿನ ಹೊತ್ತಿದೆಯಲ್ಲ,’ ಎಂದ. ಮುಂದೆ ಹೇಳಲಿಲ್ಲ.

ನಮ್ಮಲ್ಲಿ ಇದಕ್ಕೆ ಕಬ್ಬಿಣದ ಕಡಲೆ ಎನ್ನುತ್ತಾರೆ ಎಂದೆ.
ಅಗಿದರೆ ಹಲ್ಲು ಹೋಗುತ್ತದೆ.
‘ನನ್ನವು ಆಗಲೇ ಕಟ್ಟಿಸಿದವು,’ ಎಂದು ಬಾಯಿ ತೆರೆದು ತೋರಿಸಿದ.

ಈಗ ಎಪ್ಪತ್ತೊಂದನೆಯದು, ಸಾಚಾ ಕಬ್ಬಿಣದ್ದು.
ಬೆಂಕಿಪೆಟ್ಟಿಗೆಯಷ್ಟು ಕೋಶ,
ಅದಕ್ಕೆ ಜೋಡಿಸಿದ ಆಟಿಕೆಯ ಫ್ಯಾನು.
ನೂರ ಹದಿನೇಳನೆಯ ಗಂಟೆ.
ತಿರುಗುತ್ತಿದೆ, ನಿನ್ನೆಗಿಂತ ತುಸು ನಿಧಾನ.
ನಳಿಗೆಯ ತುದಿಯಲ್ಲಿ ತೂಗಿದ ಹನಿಯನ್ನು
ನಿಯಮ ಮುರಿದು ಕ್ಲೆಮ್ ಬೆರಳಲ್ಲಿ ತೆಗೆದು
ನಾಲಗೆಗಿಟ್ಟುಕೊಂಡ.
ನೀರಿಗೆ ಕಬ್ಬಿಣ ಇಳಿಯುತ್ತಿದೆಯೆಂದರೆ
ಕೋಣೆಗಳು ಖಾಲಿಯಾಗುತ್ತಿವೆಯೆಂದು ಅರ್ಥ.

‘ಒಗರೇ?’ ಎಂದೆ.

ಕ್ಲೋರಿನ್ ಅಂತೂ ಇಲ್ಲ ಎನ್ನುತ್ತ
ಪುಸ್ತಕದಲ್ಲಿ ಪೆನ್ಸಿಲಿನಿಂದ ಗಂಟೆ ಬರೆದುಕೊಂಡ.