ಚಹಾಕ್ಕ

ಬ್ಯಾಡಗಿಯ ಲಾಡ್ಜು, ಎರಡನೇ ಮಜಲು, ಏಳನೇ ನಂಬರಿನ ಖೋಲಿ.
ಗೋಡೆಗೆ ಘಾಟು, ಹಾಸಿಗೆಗೆ ಘಾಟು,
ದಿಂಬು ಕೊಡವಿದರೆ ಮೆಣಸಿನಕಾಯಿ.
ನನ್ನ ಮೊದಲ ಸೀನಿಗೇ ಬಾಗಿಲು ದೂಡಿ
ಬಿಸಿನೀರಿನ ಬಕೀಟು ಇಳಿಸಿದ ದಾವಲಸಾಬ:
“ಇವತ್ತ ಸೀನ್ತೀರಿ, ನಾಳೆ ಕಣ್ಣಾಗ ನೀರು,
ನಾಡದ ನೀವೂ ನಮ್ಮೂರಾವ್ರ.”

ತೂಕ ನನ್ನ ಕೆಲಸ.
ಯಾರ ಕಾಟಾ ಎಷ್ಟು ಸುಳ್ಳು ಹೇಳುತ್ತದೆಂದು
ಹುಬ್ಬಳ್ಳಿಯಿಂದ ಬಂದು ನೋಡಿ, ಬರೆದು, ಹೋಗುವುದು.
ಇಪ್ಪತ್ತು ಕಿಲೋದ ಕಬ್ಬಿಣದ ಕಲ್ಲು ಐದು ನನ್ನೊಂದಿಗೆ,
ಒಂದೊಂದಕ್ಕೂ ಪ್ರಮಾಣಪತ್ರ.
ಭಕ್ಷೀಸಿನ ಕಲ್ಲು ಮಾತ್ರ ಯಾವ ಕಂಪನಿಯೂ ಎರಕ ಹೊಯ್ದಿಲ್ಲ.

ಹತ್ತು ಕೊಟ್ಟರೆ ಜುಗ್ಗ.
ನೂರು ಕೊಟ್ಟರೆ ಮುಂದೆ ಬರುವ ಬಡಪಾಯಿ ಸೇಲ್ಸ್‌ಮನ್ನಿನ
ಹೊಟ್ಟೆಯ ಮೇಲೆ ಹೊಡೆದಂತೆ.
ಮೊದಲ ರಾತ್ರಿಯೇ ಕೊಟ್ಟರೆ ಮುಂಗಡ ಲಂಚ,
ಹೋಗುವ ಮುಂಜಾನೆ ಕೊಡೋಣವೆಂದರೆ ಪಾಳಿ ಬದಲಾಗಿ
ನೀರೇ ಹೊರದ ಯಾವನೋ ಬಂದು
ಬಾಗಿಲಲ್ಲಿ ನಗುತ್ತ ನಿಂತಿರುತ್ತಾನೆ.

ಕಿಸೆಯಲ್ಲಿ ಚಿಲ್ಲರೆಯೂ ಇಲ್ಲ ಈಗೀಗ.
ಕೌಂಟರಿನ ಮೇಲಿನ ಕಪ್ಪು ಚೌಕಕ್ಕೆ ಫೋನು ಹಿಡಿಯಹೋದರೆ
ದಾವಲಸಾಬ ಕಣ್ಣಲ್ಲೇ ತಡೆದ.
ಮೆಟ್ಟಿಲ ತಿರುವಿನಲ್ಲಿ ಸಣ್ಣ ದನಿಯಲ್ಲಿ ಹೇಳಿದ:
“ಅದರಾಗ ಹಾಕಿದ್ದು ಮಾಲಕರಿಗೆ ಹೊಕ್ಕತೈತ್ರಿ.
ನನ್ನ ಹೆಸರು ಹೇಳಿದ್ರ ಅದಕ್ಕ ಕೇಳಸಂಗಿಲ್ಲ.”

ಮಾರ್ಕೆಟ್ಟಿನಲ್ಲಿ ಕೆಂಪೋ ಕೆಂಪು. ಡಬ್ಬಿಯ ರಾಶಿ, ಕಡ್ಡಿಯ ರಾಶಿ,
ನಡುವೆ ತಲೆಗೆ ಟವೆಲು ಬಿಗಿದ ಹಮಾಲರು.
ನನ್ನ ಕಲ್ಲುಗಳನ್ನು ಅಂಗಡಿಯಿಂದ ಅಂಗಡಿಗೆ
ಹೆಗಲ ಮೇಲೆ ಹೊತ್ತು ತಿರುಗಿದ ಗುಡ್ಡಪ್ಪ.
ಸಂಜೆ ಲೆಕ್ಕ ಮುಗಿಸಿ ಮೇಲೊಂದು ಐವತ್ತು ಚಾಚಿದೆ.
ನೋಡಿದ. ನೋಟನ್ನಲ್ಲ, ನನ್ನನ್ನು.
“ಕಲ್ಲಿಗಿಷ್ಟು ಅಂತ ರೇಟ್ ಐತ್ರಿ. ರೇಟ್ ಕೊಟ್ಟೀರಿ.
ಇದನ್ನ ಇವತ್ತ ತಗೊಂಡ್ರ
ನಾಳೆ ರೇಟ್ ಹೆಚ್ಚು ಮಾಡ್ರಿ ಅನ್ನಾಕ ಬಾಯಿ ಎಲ್ಲೈತಿ?”
ಐವತ್ತು ನನ್ನ ಕಿಸೆಗೇ ಮರಳಿತು,
ಕಬ್ಬಿಣದ ಕಲ್ಲಿಗಿಂತ ಒಂದು ತೊಲೆ ಜಾಸ್ತಿ.

ಎರಡನೇ ದಿನ ಮುರಿಗೆಪ್ಪ ಶೆಟ್ಟರ ದಲಾಲಿ ಅಂಗಡಿ.
ಅವರ ಕಾಟಾ ಕ್ವಿಂಟಲಿಗೆ ಆರುನೂರು ಗ್ರಾಂ ನುಂಗುತ್ತಿತ್ತು,
ಸದ್ದಿಲ್ಲದೆ, ಹಲ್ಲಿಲ್ಲದ ಮುದುಕ ಬಾಳೆಹಣ್ಣು ನುಂಗಿದ ಹಾಗೆ.
ಬರೆದುಕೊಂಡೆ.
ಪೆನ್ನಿನ ಪಕ್ಕಕ್ಕೆ ಒಂದು ಲಕೋಟೆ ಜಾರಿತು.
“ಇರ್ಲಿ ತಗೋರಿ, ಚಹಾಕ್ಕ.”

ಚಹಾಕ್ಕ!
ನಿನ್ನೆ ಗುಡ್ಡಪ್ಪನಿಗೆ ನಾನೂ ಇದೇ ಅಂದಿದ್ದೆ,
ಇದೇ ರಾಗದಲ್ಲಿ, ಇಷ್ಟೇ ಓರೆಯಾಗಿ ಕತ್ತು ಬಾಗಿಸಿ.
ಲಕೋಟೆ ಹಿಂದಕ್ಕೆ ದೂಡಿದೆ. ಶೆಟ್ಟರು ಮುನಿಯಲಿಲ್ಲ,
ನಿಜವಾದ ಚಹಾ ತರಿಸಿದರು.
ಅದನ್ನು ಕುಡಿಯಬೇಕೋ ಬಿಡಬೇಕೋ ತಿಳಿಯದೆ
ಕೆನೆಗಟ್ಟುವ ತನಕ ನೋಡುತ್ತ ಕೂತೆ.

ಆ ರಾತ್ರಿ ದಾವಲಸಾಬನಿಗೆ ಕೊಡುವಾಗ
ಮಾತು ಗಂಟಲಲ್ಲಿ ಸಿಕ್ಕಿಕೊಂಡಿತು.
ಆದರೂ ಬೇರೆ ಶಬ್ದ ಯಾವುದಿದೆ ನಮ್ಮಲ್ಲಿ?
“ಇದು... ಚಹಾಕ್ಕ.”
“ಚಹಾ ಬಿಟ್ಟು ಆರು ವರ್ಷಾತ್ರಿ. ಸಕ್ಕರಿ ಕಾಯಿಲೆ.”
“ಮತ್ತ ಏನಕ್ಕಂತ ಕೊಡ್ಲಿ?”
ಖಾಲಿ ಬಕೀಟಿನ ಹಿಡಿಕೆ ಸರಿಮಾಡುತ್ತ
ಬಹಳ ಹೊತ್ತು ಯೋಚಿಸಿದ, ತನಗೂ ಇದು ಹೊಸ ಲೆಕ್ಕವೆಂಬಂತೆ.
“ನೀರಿಗಂತ ಕೊಡ್ರಿ.
ನೀರು ಅಂತೂ ತಂದೀನಲ್ಲ.”

ನೋಟನ್ನು ಟೋಪಿಯ ಮಡಿಕೆಗೆ ಸಿಕ್ಕಿಸಿ ಇಳಿದು ಹೋದ.
ಹೆಜ್ಜೆ ಎಣಿಸಿದೆ, ರೂಢಿ ಬಿಡದು:
ನಲವತ್ತೆರಡು ಮೆಟ್ಟಿಲು.

ಹುಬ್ಬಳ್ಳಿಗೆ ಬಂದು ಕಂಪನಿಯ ಫಾರ್ಮು ತುಂಬಿದೆ.
ಬಸ್ಸು, ಖೋಲಿ, ಊಟ, ಹಮಾಲಿ, ಎಲ್ಲದಕ್ಕೂ ಪಾವತಿ ಟಾಚಣಿ ಚುಚ್ಚಿ.
‘ಇತರೆ’ ಎಂಬ ಇಕ್ಕಟ್ಟಿನ ಕಿಂಡಿಯಲ್ಲಿ ಬರೆದೆ:
ಬಿಸಿನೀರು, ಮೂರು ದಿನ, ನಲವತ್ತೆರಡು ಮೆಟ್ಟಿಲು.

ಲೆಕ್ಕದ ವಿಭಾಗದ ವೈಜಯಂತಿ ಮೇಡಂ
ಕನ್ನಡಕದ ಮೇಲಿಂದ ನೋಡಿದರು:
“ಇದಕ್ಕ ಪಾವತಿ?”
ಹಾಳೆಗಳ ನಡುವೆ ಸಿಕ್ಕಿರಬಹುದೆಂದು
ಇಡೀ ಕಟ್ಟು ಎತ್ತಿ ಒಮ್ಮೆ ಜೋರಾಗಿ ಕೊಡವಿದರು.

ಸೀನಿದರು.
ಮತ್ತೊಮ್ಮೆ ಸೀನಿದರು.